ಬಣ್ಣ ಹೊಡೆಸದ ಹಳೇ ಜೀಪು ತಗೊಂಡೆ, ಮೊದಲು ಏನು ಮಾಡಲಿ?

ಮೂರನೇಗೇರ್:
ಕೊನೆಗೂ ತಗೊಂಡೆ. ವಿಲ್ಲಿಸ್ ಸಿಜೆ-3ಬಿ, 1960ರದು. ಅದೇ, ಎತ್ತರದ ಬಾನೆಟ್ಟಿನ ಗಾಡಿ. ಆರು ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಯಾರೂ ಬಾಡಿ ಬಿಚ್ಚಿಲ್ಲ, ಪುಟ್ಟಿ ಮೆತ್ತಿಲ್ಲ. ಬಾನೆಟ್ ಮೇಲಿನ ಹಸಿರು ಬಿಸಿಲಿಗೆ ಬಿಳಿಚಿಕೊಂಡಿದೆ, ಬೆರಳಾಡಿಸಿದರೆ ಪುಡಿ ಅಂಟುತ್ತದೆ. ಆದರೆ ಡ್ರೈವರ್ ಸೀಟು ಎತ್ತಿದರೆ, ಪೆಟ್ರೋಲ್ ಟ್ಯಾಂಕಿನ ಪಕ್ಕ ಅಂಗೈಯಗಲ ಜಾಗದಲ್ಲಿ ಅದೇ ಹಸಿರು ಇವತ್ತು ಹೊಡೆದ ಹಾಗೆ ಹೊಳೆಯುತ್ತಿದೆ! ಹತ್ತುವ ಜಾಗದ ಅಂಚಿನಲ್ಲಿ ಬಣ್ಣವೇ ಇಲ್ಲ, ಬರೀ ತಗಡು, ನುಣ್ಣಗೆ. ಹತ್ತಿ ಇಳಿಯುವಾಗ ಪ್ಯಾಂಟು ಉಜ್ಜಿ ಉಜ್ಜಿ ಹಾಗಾಗಿರಬೇಕು.

ಮನೆಯಲ್ಲಿ ಎಲ್ಲರದೂ ಒಂದೇ ರಾಗ, ಪೇಂಟ್ ಮಾಡಿಸು ಅಂತ. ನನಗೆ ಮನಸ್ಸಿಲ್ಲ. ಹಾಗಂತ ನೋಡುತ್ತಾ ಕೂರೋಕೂ ತಗೊಂಡಿದ್ದಲ್ಲ, ಕೆಸರಲ್ಲಿ ಓಡಿಸಬೇಕು. ನಾಳೆ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡೋಣ ಅಂತಿದ್ದೀನಿ. ಸರಿನಾ?

ಗ್ರೀಸ್‌ಗನ್:
ನಾಳೆ ಬೇಡ. ಮೊದಲು ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಒಂದು ಚಮಚ ಎಂಜಿನ್ ಆಯಿಲ್ ಬಿಡಿ. ರಾತ್ರಿಯೆಲ್ಲ ಇರಲಿ. ಬೆಳಗ್ಗೆ ಹ್ಯಾಂಡಲ್ ಹಾಕಿ ಕೈಯಲ್ಲೇ ನಿಧಾನಕ್ಕೆ ತಿರುಗಿಸಿ. ಬಿಗಿಯಾಗಿದ್ದರೆ ಜೋರು ಮಾಡಬೇಡಿ, ಇನ್ನೊಂದು ದಿನ ಬಿಡಿ. ಮುಂದೆ ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ. ಸುತ್ತಿ ಹಿಡಿದರೆ, ಎಂಜಿನ್ ಹಿಂದಕ್ಕೆ ಒದ್ದಾಗ ಬೆರಳು ಮುರಿಯುತ್ತದೆ.

ಟ್ಯಾಂಕಿನಲ್ಲಿರುವ ಹಳೇ ಪೆಟ್ರೋಲ್ ಪೂರ್ತಿ ತೆಗೆಯಿರಿ. ರಬ್ಬರ್ ಪೈಪುಗಳನ್ನು ಕಣ್ಣು ಮುಚ್ಚಿ ಬದಲಾಯಿಸಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ, ಹಳೇ ರಬ್ಬರನ್ನು ಅದು ತಿಂದು ಹಾಕುತ್ತದೆ. ನೀವು ಕೂರೋದು ಆ ಟ್ಯಾಂಕಿನ ಮೇಲೆಯೇ, ಮರೀಬೇಡಿ.

ಇನ್ನು ಬ್ರೇಕ್. ಇದನ್ನು ಮಾತ್ರ ಮುಂದಕ್ಕೆ ಹಾಕಬೇಡಿ. ಇದರಲ್ಲಿ ನಾಲ್ಕು ಚಕ್ರಕ್ಕೂ ಸೇರಿ ಒಂದೇ ಬ್ರೇಕ್ ಆಯಿಲ್ ಲೈನು. ಎಲ್ಲೋ ಒಂದು ವೀಲ್ ಸಿಲಿಂಡರ್ (ಚಕ್ರದೊಳಗೆ ಬ್ರೇಕ್ ಒತ್ತುವ ಭಾಗ) ಸೋರಿದರೂ ನಾಲ್ಕೂ ಹೋದವು ಅಂತ ಲೆಕ್ಕ. ನನ್ನ ಗಾಡಿ ತಂದ ಹೊಸದರಲ್ಲಿ ಇಳಿಜಾರಿನಲ್ಲಿ ಪೆಡಲ್ ಸುಮ್ನೆ ನೆಲಕ್ಕೆ ಹೋಯಿತು. ಹ್ಯಾಂಡ್‌ಬ್ರೇಕ್ ಎಳೆದೆ, ಅದೂ ಜಾರಿತು. ಅದರ ಡ್ರಮ್ ಇರೋದು ಚಕ್ರದಲ್ಲಲ್ಲ, ಎಂಜಿನ್ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ. ಅಲ್ಲಿನ ಆಯಿಲ್ ಸೀಲ್ ಹೋಗಿ ಲೈನರ್ ಎಣ್ಣೆಯಲ್ಲಿ ನೆಂದಿತ್ತು. ಬದುವಿಗೆ ಗುದ್ದಿ ನಿಲ್ಲಿಸಿದೆ. ಬಂಪರ್ ಇವತ್ತಿಗೂ ಸೊಟ್ಟ. ಅದನ್ನು ಬಡಿಸಿ ನೇರ ಮಾಡಿಸಿಲ್ಲ, ಇರಲಿ ಅಂತ.

ಹಾಗೆಯೇ ಒಂದು ಸ್ಕ್ರೂಡ್ರೈವರ್ ಹಿಡಿದು ಗಾಡಿಯ ಅಡಿಗೆ ಮಲಗಿ. ನೆಲದ ತಗಡಿನ ಕೆಳಗೆ ಅಡ್ಡಡ್ಡ ಪಟ್ಟಿಗಳಿವೆ. ಒಳಗೆ ಟೊಳ್ಳು, ನೀರು ನಿಲ್ಲೋದೇ ಅಲ್ಲಿ. ಚುಚ್ಚಿ ನೋಡಿ. ಟಣ್ ಅಂದರೆ ಒಳ್ಳೇದು. ಪಿಸಕ್ಕಂತ ಒಳಗೆ ಹೋದರೆ ವೆಲ್ಡಿಂಗ್ ಕೆಲಸ ಇದೆ.

ಚಾಸಿನಂಬರ್:
ನಾನು ಮನೆಯವರ ಪಕ್ಷ. ತುಕ್ಕಿಗೆ ಭಾವನೆ ಗೀವನೆ ಗೊತ್ತಾಗಲ್ಲ ಸ್ವಾಮಿ. ಪೇಂಟ್ ಹೊಡೆಸಿ, ನೆಮ್ಮದಿಯಾಗಿರಿ.

ಗ್ರೀಸ್‌ಗನ್:
ತುಕ್ಕು ತಿನ್ನೋದು ಒಳಗಿನಿಂದ, ನೀವು ಪೇಂಟ್ ಹೊಡೆಸೋದು ಹೊರಗೆ. ನುಣ್ಣಗೆ ಪೇಂಟ್ ಆದ ಗಾಡಿ ಕೊಳ್ಳುವಾಗಲೇ ನನಗೆ ಜಾಸ್ತಿ ಭಯ, ಪುಟ್ಟಿ ಕೆಳಗೆ ಏನಿದೆಯೋ. ಇವರದರಲ್ಲಿ ಎಲ್ಲ ಕಣ್ಣಿಗೆ ಕಾಣುತ್ತದೆ ಅಲ್ವಾ? ತೆಳು ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ವ್ಯಾಕ್ಸ್ ಹಚ್ಚಲಿ, ಸಾಕು. ಟೊಳ್ಳು ಪಟ್ಟಿಗಳ ಒಳಗೂ ವ್ಯಾಕ್ಸ್ ಸ್ಪ್ರೇ ಹೊಡೆಯಲಿ. ತುಕ್ಕನ್ನು ಕಪ್ಪು ಮಾಡುವ ಆ್ಯಸಿಡ್ ಮಾತ್ರ ಹೊರಗಡೆ ಹಚ್ಚಬೇಡಿ, ಕಲೆ ಕಲೆಯಾಗಿ ಉಳಿಯುತ್ತದೆ.

ಡಬಲ್‌ಕ್ಲಚ್:
ಓಡಿಸುವ ವಿಷಯ ನಾನು ಹೇಳ್ತೀನಿ. ಫಸ್ಟ್ ಗೇರಿಗೆ ಸಿಂಕ್ರೋ ಇಲ್ಲ, ಅಂದರೆ ಗೇರುಗಳ ವೇಗ ತಾನಾಗೇ ಹೊಂದಿಸುವ ವ್ಯವಸ್ಥೆ. ಗಾಡಿ ಪೂರ್ತಿ ನಿಲ್ಲಿಸಿ ಹಾಕಿ, ಇಲ್ಲ ನನ್ನ ಹೆಸರು ನೋಡಿ ಕಲಿಯಿರಿ: ನ್ಯೂಟ್ರಲ್ಲಿಗೆ ತಂದು ಕ್ಲಚ್ ಬಿಟ್ಟು, ಸ್ವಲ್ಪ ಆ್ಯಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕೋದು. ಮುಂದಿನ ಚಕ್ರಕ್ಕೂ ಎಂಜಿನ್ ಬಲ ಕೊಡುವ ಲಿವರ್ ಕೆಸರು, ಮರಳಿಗೆ ಮಾತ್ರ. ಟಾರ್ ರಸ್ತೆಯಲ್ಲಿ ಹಾಕಿ ತಿರುಗಿಸಿದರೆ ಗೇರು, ಆ್ಯಕ್ಸಲ್ ಎಲ್ಲ ಬಿಗಿದುಕೊಳ್ಳುತ್ತವೆ, ಮುಂದಿನ, ಹಿಂದಿನ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಮಧ್ಯೆ ಇಲ್ಲ. ವೇಗದಲ್ಲಿ ಸ್ಟೇರಿಂಗ್ ಗಡಗಡ ನಡುಗಿದರೆ ಕಿಂಗ್‌ಪಿನ್ ಬೇರಿಂಗ್ ನೋಡಿ, ಮುಂದಿನ ಚಕ್ರ ಎಡಬಲ ಹೊರಳುವ ಕೀಲಿನದು.

ಮೂರನೇಗೇರ್:
ಮೂರು ವಾರ ಆಯಿತು. ಎಡಗಡೆ ಹಿಂದಿನ ವೀಲ್ ಸಿಲಿಂಡರ್ ಬಿಚ್ಚಿದಾಗ ಪಿಸ್ಟನ್ ತುಕ್ಕಲ್ಲಿ ಕಚ್ಚಿಕೊಂಡಿತ್ತು. ನಾಲ್ಕೂ ಹೊಸದು ಹಾಕಿಸಿದೆ, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಕೂಡ. ಟೈರಿನ ಪಟ್ಟೆ ಚೆನ್ನಾಗಿತ್ತು, ಪಕ್ಕದಲ್ಲಿ ಮಾತ್ರ ಬಿರುಕು, ಅವನ್ನೂ ತೆಗೆಸಿದೆ. ನೆಲದಡಿಯ ಪಟ್ಟಿಗಳಲ್ಲಿ ಒಂದೇ ಒಂದು ಪಿಸಕ್ ಅಂತು.

ನಿನ್ನೆ ಕೆಸರಿಗೆ ಇಳಿಸಿದೆ. ಲೋ ರೇಂಜ್ (ವೇಗ ಕಡಿಮೆ, ಎಳೆತ ಜಾಸ್ತಿ), ಫಸ್ಟ್ ಗೇರ್, ಕಾಲು ಪೆಡಲ್‌ಗಳಿಂದ ಪೂರ್ತಿ ತೆಗೆದುಬಿಟ್ಟೆ. ತನ್ನ ಪಾಡಿಗೆ ತಾನು ಎತ್ತಿನ ಹಾಗೆ ನಡೆಯಿತು! ಮನೆಯವರೂ ಹತ್ತಿದ್ದರು, ಪೇಂಟಿನ ಮಾತು ಬರಲಿಲ್ಲ. ಒಂದೇ ತೊಂದರೆ. ಮಳೆಯಲ್ಲಿ ಏರು ಹತ್ತುವಾಗ ವೈಪರ್ ನಿಂತೇ ಹೋಯಿತು. ಕೆಟ್ಟಿದೆಯಾ?

ಗ್ರೀಸ್‌ಗನ್:
ಕೆಟ್ಟಿಲ್ಲ. ಅದು ಕರೆಂಟಿನದಲ್ಲ, ಎಂಜಿನ್ ಗಾಳಿ ಎಳೆಯುವ ಬಲದಲ್ಲಿ ಓಡುತ್ತದೆ. ಆ್ಯಕ್ಸಿಲರೇಟರ್ ಜೋರಾಗಿ ಒತ್ತಿದರೆ ಆ ಬಲ ಇಳಿಯುತ್ತದೆ. ಒಂದು ಗಳಿಗೆ ಕಾಲು ಎತ್ತಿ, ಒರೆಸುತ್ತದೆ. ಮತ್ತೆ ಒತ್ತಿ.