ಕಂಬಾಲಪಲ್ಲಿಯ ನಂತರದ ತಲೆಮಾರು: ಅಧ್ಯಯನವನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಸಮಾಜಕಾರ್ಯ ವಿದ್ಯಾರ್ಥಿನಿ, ಚಿಂತಾಮಣಿ

2000ದ ಮಾರ್ಚ್ 11ರಂದು ನಮ್ಮ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸಜೀವವಾಗಿ ಸುಡಲಾಯಿತು. ಇಂತಹ ಸಾಮೂಹಿಕ ಹಿಂಸೆಯಲ್ಲಿ ಬದುಕುಳಿದವರ ಮಕ್ಕಳು ಮತ್ತು ಮೊಮ್ಮಕ್ಕಳ ಮೇಲೆ ಉಳಿಯುವ ಪರಿಣಾಮವನ್ನು ಕುರಿತು ನಾನು ಸ್ನಾತಕೋತ್ತರ ಪ್ರಬಂಧ ಬರೆಯಬೇಕೆಂದಿದ್ದೇನೆ. ಆಘಾತವು ವಂಶವಾಹಿಗಳ ಮೂಲಕವೇ ಮುಂದಿನ ಪೀಳಿಗೆಗೆ ದಾಟುತ್ತದೆ ಎಂದು ಹಲವೆಡೆ ಓದಿದ್ದೇನೆ. ಅದನ್ನೇ ಆಧಾರವಾಗಿಟ್ಟುಕೊಂಡು ಪ್ರಶ್ನಾವಳಿ ಸಿದ್ಧಪಡಿಸಬಹುದೇ?

ಉತ್ತರ 1: ಮನೋವೈದ್ಯಕೀಯ ಸಮಾಜಕಾರ್ಯಕರ್ತ, ತುಮಕೂರು

ದಯವಿಟ್ಟು ಅದನ್ನು ಆಧಾರ ಮಾಡಿಕೊಳ್ಳಬೇಡಿ. ಹೆಚ್ಚಾಗಿ ಉಲ್ಲೇಖವಾಗುವುದು ರೇಚಲ್ ಯೆಹೂದಾ ತಂಡದ 2016ರ ಅಧ್ಯಯನ. ನಾಜಿಗಳ ನರಮೇಧದಿಂದ ಪಾರಾದ 32 ಯಹೂದಿಯರನ್ನೂ ಅವರ 22 ಮಕ್ಕಳನ್ನೂ ಪರೀಕ್ಷಿಸಿ, ದೇಹದ ಒತ್ತಡ ನಿಯಂತ್ರಣಕ್ಕೆ ಸಂಬಂಧಿಸಿದ ಒಂದು ವಂಶವಾಹಿಗೆ ಅಂಟಿಕೊಂಡಿರುವ ರಾಸಾಯನಿಕ ಗುರುತಿನಲ್ಲಿ ಬದಲಾವಣೆಗಳನ್ನು ಅದು ಕಂಡಿತು. ಆದರೆ ಪಾಲಕರಲ್ಲಿ ಹೆಚ್ಚಿದ್ದ ಆ ಗುರುತು ಮಕ್ಕಳಲ್ಲಿ ಕಡಿಮೆಯಿತ್ತು. ಇಷ್ಟು ಸಣ್ಣ ಸಂಖ್ಯೆಯಿಂದ, ಅದೂ ಎದುರುಬದುರಾದ ಫಲಿತಾಂಶದಿಂದ, ‘ನೋವು ರಕ್ತದಲ್ಲಿಯೇ ಇಳಿದು ಬರುತ್ತದೆ’ ಎನ್ನಲಾಗದು. ಅದೇ ನರಮೇಧದ ಸಂತ್ರಸ್ತರ ಮಕ್ಕಳ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು 2003ರಲ್ಲಿ ಒಟ್ಟುಗೂಡಿಸಿ ವಿಶ್ಲೇಷಿಸಿದಾಗ, ಚಿಕಿತ್ಸೆಗೆ ಬಾರದ ಸಾಮಾನ್ಯ ಕುಟುಂಬಗಳಲ್ಲಿ ಆಘಾತ ಮಕ್ಕಳಿಗೆ ದಾಟಿರುವುದಕ್ಕೆ ಪುರಾವೆ ಸಿಗಲಿಲ್ಲ. ಹಾಗೆಂದು ಆ ಮನೆಗಳಲ್ಲಿ ಏನೂ ಉಳಿದಿಲ್ಲ ಎಂದಲ್ಲ, ಹುಡುಕುವ ಜಾಗ ಬೇರೆ.

ಉತ್ತರ 2: ವಕೀಲ, ಕೋಲಾರ

ಆ ಜಾಗ ಘಟನೆಯ ನಂತರದ ವರ್ಷಗಳಲ್ಲಿದೆ. ಪ್ರಮುಖ ಸಾಕ್ಷಿಗಳು ತಿರುಗಿಬಿದ್ದ ಈ ಪ್ರಕರಣದಲ್ಲಿ 2006ರಲ್ಲಿ ಕೋಲಾರದ ನ್ಯಾಯಾಲಯ ಆರೋಪಿಗಳನ್ನು ಖುಲಾಸೆಗೊಳಿಸಿತು. 2014ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಾನೂನಿನ ಕಡತ ಅಲ್ಲಿಗೆ ಮುಗಿದರೂ ಸತ್ತವರ ಮನೆಯವರಿಗೆ ‘ಹಾಗಾದರೆ ಕೊಂದವರು ಯಾರು?’ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಸಾಕ್ಷಿ ತಿರುಗಿಬಿದ್ದ ಎಂದು ಆಡಿಕೊಳ್ಳುವುದು ಸುಲಭ. ಇಂತಹ ಇತರ ಪ್ರಕರಣಗಳಲ್ಲಿ ನಾನು ಕಂಡಿರುವುದೆಂದರೆ, ಸಮನ್ಸ್ ಬಂದ ದಿನ ಸಾಕ್ಷಿಯ ಕೂಲಿ ಹೋಗುತ್ತದೆ, ಕೋರ್ಟಿನ ಮೊಗಸಾಲೆಯಲ್ಲಿ ಆರೋಪಿಯ ಕಡೆಯವರ ಪಕ್ಕದಲ್ಲಿಯೇ ಸಂಜೆಯವರೆಗೆ ಕೂತು ಕೊನೆಗೆ ಮುಂದಿನ ವಾಯಿದೆ ತಿಳಿದುಕೊಂಡು ಹೊರಡಬೇಕಾಗುತ್ತದೆ, ಮರುದಿನ ಕೆಲಸ ಕೇಳಿಕೊಂಡು ಹೋಗಬೇಕಾದದ್ದೂ ಅವರದೇ ಹೊಲಕ್ಕೆ. ಸಾಕ್ಷಿಗಳಿಗೂ ಅವಲಂಬಿತರಿಗೂ ರಕ್ಷಣೆ, ಪ್ರಯಾಣ ವೆಚ್ಚ, ಅಗತ್ಯವಿದ್ದರೆ ಸ್ಥಳಾಂತರ ಒದಗಿಸಬೇಕೆನ್ನುವ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ 15ಎ ಕಲಂ ಜಾರಿಗೆ ಬಂದದ್ದು 2016ರ ಜನವರಿಯಲ್ಲಿ. ಅಷ್ಟು ಹೊತ್ತಿಗೆ ಕಂಬಾಲಪಲ್ಲಿಯ ಮೇಲ್ಮನವಿಯ ತೀರ್ಪೂ ಹೊರಬಿದ್ದಿತ್ತು. ‘ನಿಮ್ಮಪ್ಪ ಯಾಕೆ ಮಾತು ಬದಲಿಸಿದ?’ ಎಂದು ಮಗನನ್ನು ಊರು ಕೇಳುವುದಾದರೆ, ಅದೂ ಹಿಂಸೆಯ ಪರಿಣಾಮವೇ ಎಂದು ನಾನು ಎಣಿಸುತ್ತೇನೆ.

ಉತ್ತರ 3: ನಿವೃತ್ತ ಇತಿಹಾಸ ಅಧ್ಯಾಪಕಿ, ಗೌರಿಬಿದನೂರು

ಇದೇ ಜಿಲ್ಲೆಯ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹದ ಸಭೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಲ್ಲಿ ಮಡಿದವರು ಹುತಾತ್ಮರೆನಿಸಿದರು, ಸ್ಮಾರಕವಾಯಿತು, ವೀರಸೌಧವೂ ಎದ್ದಿತು. ಅಂತಹ ಮನೆಯ ಮೊಮ್ಮಗ ತಾತನ ಹೆಸರನ್ನು ಧೈರ್ಯವಾಗಿ ಹೇಳಬಲ್ಲ. ಜಾತಿಯ ಕಾರಣಕ್ಕೆ ಸತ್ತವರ ಮೊಮ್ಮಕ್ಕಳಿಗೆ ಆ ಅವಕಾಶವನ್ನು ನಾವು ಎಷ್ಟರಮಟ್ಟಿಗೆ ಕೊಟ್ಟಿದ್ದೇವೆ? ಎರಡೂ ಕಡೆ ಕೇಳಿ ನೋಡಿ. ಒಂದೇ ಊರಿಗೆ ಸೀಮಿತವಾದ ಪ್ರಬಂಧದಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು

ವಂಶವಾಹಿಯ ಭಾಗವನ್ನು ಕೈಬಿಡುತ್ತೇನೆ. ಊರು ಬಿಟ್ಟದ್ದು, ಓದು ನಿಲ್ಲಿಸಿದ್ದು, ಪರಿಹಾರದ ಹಣ ಯಾರ ಕೈ ಸೇರಿತು, ಮನೆಯಲ್ಲಿ ಯಾವ ಮಾತನ್ನು ಎತ್ತುವುದಿಲ್ಲ ಎಂಬುದರ ಸುತ್ತ ಪ್ರಶ್ನೆಗಳನ್ನು ಮತ್ತೆ ಬರೆಯುತ್ತೇನೆ. ವಕೀಲರಲ್ಲಿ ಇನ್ನೊಂದು ವಿನಂತಿ: ಎರಡೂ ತೀರ್ಪುಗಳ ದೃಢೀಕೃತ ಪ್ರತಿಗಾಗಿ ಎಲ್ಲಿ ಅರ್ಜಿ ಹಾಕಬೇಕು?