ಪಾಡ್‌ಕಾಸ್ಟ್ ಕೇಳಿ ಊಟ ಬದಲಾಯಿಸಿಕೊಂಡವರು ಇದ್ದೀರಾ?

ದಿನಾ ಬಿಎಂಟಿಸಿ ಬಸ್ಸಿನಲ್ಲಿ ಹೋಗಿ ಬರೋದಕ್ಕೇ ಎರಡೂವರೆ ಗಂಟೆ. ದಾರಿಯುದ್ದಕ್ಕೂ ಆಹಾರ, ಆರೋಗ್ಯದ ಪಾಡ್‌ಕಾಸ್ಟ್ ಕೇಳುತ್ತೇನೆ. ಕೇಳುವಾಗ ಎಲ್ಲ ಸರಿ ಅನಿಸುತ್ತದೆ. ಬಸ್ಸಿಳಿದರೆ ಎದುರಿಗೇ ಬೋಂಡಾ ಗಾಡಿ. ವಯಸ್ಸು 38, ಶುಗರ್ ಬಾರ್ಡರ್‌ನಲ್ಲಿದೆ ಅಂದಿದ್ದಾರೆ ಡಾಕ್ಟರು. ಕಿವಿಗೆ ಬಿದ್ದದ್ದು ತಟ್ಟೆಗೂ ಬಂದಿರೋದು ಯಾರಿಗಾದರೂ ಉಂಟಾ? ಹೇಗೆ?

ತುಮಕೂರಿನಿಂದ:
ನನಗೆ ಬಂದಿದೆ. ಆದರೆ ಉಪದೇಶ ಕೇಳಿ ಅಲ್ಲ. ನಾನು ಸೊಪ್ಪು ತರೋದನ್ನೇ ಬಿಟ್ಟಿದ್ದೆ. ತಿನ್ನೋಕೆ ಬೇಜಾರಿರಲಿಲ್ಲ, ಬಿಡಿಸೋಕೆ ಬೇಜಾರು. ಈಗ ಭಾನುವಾರ ಸಂಜೆ ನೆಲದ ಮೇಲೆ ಪೇಪರ್ ಹಾಸಿಕೊಂಡು ಕೂರುತ್ತೇನೆ. ಪಕ್ಕದಲ್ಲಿ ಫೋನು. ಒಂದು ಎಪಿಸೋಡ್ ಮುಗಿಯೋಷ್ಟರಲ್ಲಿ ದಂಟು, ಮೆಂತ್ಯ, ಸಬ್ಬಸಿಗೆ ಮೂರೂ ಕಟ್ಟು ಬಿಡಿಸಿ ಆಗಿರುತ್ತದೆ. ತೊಳೆಯದೆ, ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿಗೆ. ತೊಳೆದಿಟ್ಟರೆ ಎರಡೇ ದಿನಕ್ಕೆ ಲೋಳೆ. ಬುಧವಾರದ ತನಕ ಬಸ್ಸಾರು, ಪಲ್ಯಕ್ಕೆ ಚಿಂತೆಯಿಲ್ಲ. ಅವರೆಕಾಯಿ ಕಾಲದಲ್ಲಂತೂ ಹಿತಕಿದ ಬೇಳೆ ಮಾಡುವಷ್ಟು ತಾಳ್ಮೆ ಬಂದುಬಿಟ್ಟಿದೆ! ನಿಜ ಹೇಳಬೇಕೆಂದರೆ, ಆ ಹೊತ್ತಿಗೆ ನಾನು ಕೇಳೋದು ಕ್ರಿಕೆಟ್ ಪಾಡ್‌ಕಾಸ್ಟ್. ಕೈಗೆ ಕೆಲಸ ಇದ್ದರೆ ಸಾಕು, ಕಿವಿಗೆ ಏನಾದರೂ ನಡೆಯುತ್ತದೆ.

ಇಂಗ್ಲೆಂಡಿನ ರೆಡಿಂಗ್‌ನಿಂದ:
ನನಗೆ ಆಹಾರದ ಪಾಡ್‌ಕಾಸ್ಟೇ ಕೆಲಸ ಮಾಡಿತು. ‘ಝೋಯಿ’ ಅನ್ನೋ ಸಂಸ್ಥೆಯವರದ್ದು ಕೇಳುತ್ತೇನೆ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರೊಫೆಸರ್ ಟಿಮ್ ಸ್ಪೆಕ್ಟರ್ ಅದರಲ್ಲಿ ಆಗಾಗ ಬರುತ್ತಾರೆ. ವಾರಕ್ಕೆ 30 ಬಗೆಯ ಸಸ್ಯಮೂಲದ ಪದಾರ್ಥ, ಅಂದರೆ ಧಾನ್ಯ, ಕಾಳು, ತರಕಾರಿ, ಹಣ್ಣು, ಬೀಜ ತಿನ್ನಿ ಅಂತ ಅವರ ಮಾತು. ಇದರ ಮೂಲ 2018ರಲ್ಲಿ ಪ್ರಕಟವಾದ ‘ಅಮೆರಿಕನ್ ಗಟ್ ಪ್ರಾಜೆಕ್ಟ್’ ಅಧ್ಯಯನ. 30ಕ್ಕಿಂತ ಜಾಸ್ತಿ ಬಗೆ ತಿನ್ನುವವರ ಕರುಳಿನಲ್ಲಿ, ಹತ್ತೂ ದಾಟದವರಿಗಿಂತ ಹೆಚ್ಚು ತರದ ಸೂಕ್ಷ್ಮಜೀವಿಗಳು ಕಂಡಿದ್ದವು. ಹಾಗಂತ 30 ಮಂತ್ರಸಂಖ್ಯೆ ಏನಲ್ಲ. ಸುಮ್ನೆ ಒಂದು ವಾರ ಫ್ರಿಜ್ ಬಾಗಿಲಿಗೆ ಚೀಟಿ ಅಂಟಿಸಿ ಎಣಿಸಿದೆ. ಬಂದದ್ದು 14. ಅಕ್ಕಿ, ತೊಗರಿಬೇಳೆ, ಆಲೂಗಡ್ಡೆ, ಈರುಳ್ಳಿ, ಮತ್ತೆ ಅದೇ. ನಾಚಿಕೆಯಾಯಿತು. ಹೆಸರುಕಾಳು, ಹುರುಳಿ, ಕಡಲೆಕಾಯಿ, ಎಳ್ಳು, ಅಗಸೆ ಚಟ್ನಿಪುಡಿ, ಹೀಗೆ ಒಂದೊಂದೇ ಸೇರಿಸುತ್ತಾ ಹೋದ ಮೇಲೆ 26ಕ್ಕೆ ಬಂತು. ಒಗ್ಗರಣೆಯ ಇಂಗನ್ನೆಲ್ಲ ಲೆಕ್ಕಕ್ಕೆ ಹಿಡಿಯಲಿಲ್ಲ, ಅದು ನಮಗೆ ನಾವೇ ಮೋಸ ಮಾಡಿಕೊಂಡ ಹಾಗೆ. ಒಂದು ಮಾತು: ಝೋಯಿ ತನ್ನದೇ ಪರೀಕ್ಷೆ, ಉತ್ಪನ್ನಗಳನ್ನು ಮಾರುವ ಕಂಪನಿಯೂ ಹೌದು. ಆ ಭಾಗ ಬಂದರೆ ಮುಂದಕ್ಕೆ ಓಡಿಸಿಬಿಡುತ್ತೇನೆ.

ಹುಬ್ಬಳ್ಳಿಯಿಂದ:
ಸ್ವಲ್ಪ ಹುಷಾರಾಗಿರಿ. ಯಾವುದೋ ಪಾಡ್‌ಕಾಸ್ಟಿನಲ್ಲಿ ಬೆಳಗಿನ ತಿಂಡಿ ಬಿಡಿ ಅಂದರು, ಬಿಟ್ಟೆ. ಶುಗರ್ ಮಾತ್ರೆ ಮಾತ್ರ ಎಂದಿನಂತೆ ನುಂಗಿದೆ. ಹನ್ನೊಂದಕ್ಕೆ ಕೈ ನಡುಗಿ, ಅಂಗಿಯೆಲ್ಲ ಬೆವರಿ ತೊಯ್ದು ಹೋಯಿತು. ಪಕ್ಕದ ಟೇಬಲಿನವರು ಸಕ್ಕರೆ ನೀರು ಕುಡಿಸಿದರು. ಡಾಕ್ಟರ ಕೈಯಲ್ಲಿ ಬೈಸಿಕೊಂಡೆ. ಮಾತ್ರೆ ತಗೊಳ್ಳುವವರು ಊಟದ ಹೊತ್ತು ಬದಲಿಸುವ ಮೊದಲು ಡಾಕ್ಟರನ್ನು ಕೇಳಲೇಬೇಕು, ಅಲ್ವಾ?

ಮೈಸೂರಿನಿಂದ:
ನಾನು ಕಲಿತದ್ದು ಒಂದೇ. ಪೊಟ್ಟಣದ ಹಿಂದೆ ಪದಾರ್ಥಗಳನ್ನು ತೂಕದ ಪ್ರಕಾರ ಬರೆದಿರುತ್ತಾರೆ, ಜಾಸ್ತಿ ಇರೋದು ಮೊದಲು. ‘ರಾಗಿ ಬಿಸ್ಕತ್ತು’ ಅಂತ ತಂದಿದ್ದರಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ. ರಾಗಿ ನಾಲ್ಕನೆಯದು. ಮಗಳ ಹಾಲಿಗೆ ಹಾಕುತ್ತಿದ್ದ ಪುಡಿಯ ಡಬ್ಬಿಯನ್ನೂ ಆವತ್ತೇ ತಿರುಗಿಸಿ ನೋಡಿದೆ. ಅಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ಪಟ್ಟಿಯಿಂದ ತೆಗೆಯಿರಿ ಎಂದು 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಹೇಳಿತ್ತಲ್ಲ. ಈಗ ಅವಳಿಗೆ ಮನೆಯ ರಾಗಿ ಹುರಿಹಿಟ್ಟು. ಮೊದಲ ವಾರ ಮುಖ ಸಿಂಡರಿಸಿದಳು, ಏಲಕ್ಕಿ ಹಾಕಿದೆ, ಕುಡಿದಳು.

ತುಮಕೂರಿನಿಂದ ಮತ್ತೆ:
ಬೋಂಡಾ ಗಾಡಿಯ ವಿಷಯ ಮರೆತೆ. ಹಸಿದು ಇಳಿದರೆ ಯಾವ ಪಾಡ್‌ಕಾಸ್ಟೂ ಕಾಪಾಡಲ್ಲ. ಬ್ಯಾಗಿನಲ್ಲಿ ಒಂದು ಹಿಡಿ ಹುರಿಗಡಲೆ ಇಟ್ಟುಕೊಳ್ಳಿ, ಎರಡು ಸ್ಟಾಪ್ ಇರುವಾಗಲೇ ಬಾಯಿಗೆ ಹಾಕಿಕೊಳ್ಳಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ದಂಟಿನ ಸೊಪ್ಪು ತಂದೆ. ಬೇರಿನಲ್ಲಿ ಇಷ್ಟು ಮಣ್ಣಿರುತ್ತೆ ಅಂತ ಯಾರೂ ಹೇಳಲಿಲ್ಲ ನೋಡಿ! ಎಪಿಸೋಡ್ ಮುಗಿಯಿತು, ಸೊಪ್ಪು ಮುಗಿಯಲಿಲ್ಲ. ಹುರಿಗಡಲೆ ಬ್ಯಾಗಿನಲ್ಲಿದೆ. ಬೋಂಡಾ ಶುಕ್ರವಾರಕ್ಕೆ ಮಾತ್ರ.