ಸಹಾಯ ಬೇಕು: ಅಡ್ಡಹೆಸರಿನ ಕೊಡುಗೆದಾರರಿಗೆ ರಿಲೀಸ್ ಹಕ್ಕು ಕೊಡುವುದು ಹೇಗೆ?

ನಮಸ್ಕಾರ. ನಮ್ಮದು ಸಿ ಭಾಷೆಯ ಸಣ್ಣ ಲೈಬ್ರರಿ, ಮೇಂಟೇನರ್‌ಗಳು ಇಬ್ಬರೇ. ಅಡ್ಡಹೆಸರಿನಲ್ಲಿ ಒಳ್ಳೊಳ್ಳೆಯ ಪ್ಯಾಚ್ ಕಳಿಸುವ ಒಬ್ಬರನ್ನು ಸೇರಿಸಿಕೊಳ್ಳಬೇಕೆಂದಿದ್ದೇವೆ. ನಿಜ ಹೆಸರು ಕೇಳುವುದಿಲ್ಲ. ಲಿನಕ್ಸ್ ಕರ್ನೆಲ್ ಕೂಡ 2023ರಲ್ಲಿ ಆ ಷರತ್ತು ಸಡಿಲಿಸಿ, ಪರಿಚಿತ ಗುರುತು ಸಾಕು ಎಂದಿದೆ. ಅದೇ ಸರಿ.

ಚಿಂತೆ ಇರುವುದು ರಿಲೀಸ್‌ನದು, ಅಂದರೆ ಹೊಸ ಆವೃತ್ತಿ ಹೊರತರುವುದರದು. ಫೈಲ್ ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದೊಳಗೆ ಕಳ್ಳ ಕೋಡ್ ಸೇರಿಸಿದ 2024ರ ಪ್ರಕರಣದಲ್ಲಿ 'ಜಿಯಾ ಟಾನ್' ಹೆಸರಿನ ಖಾತೆ ಎರಡು ವರ್ಷ ದುಡಿದು ನಂಬಿಕೆ ಗಳಿಸಿತ್ತು. 5.6.0 ಮತ್ತು 5.6.1 ಆವೃತ್ತಿಗಳ ಟಾರ್‌ಬಾಲ್‌ನಲ್ಲಿದ್ದ (ಹಂಚಲು ಕಟ್ಟಿದ ಸೋರ್ಸ್ ಫೈಲುಗಳ ಗಂಟು) ಎಂ4 ಎಂಬ ಬಿಲ್ಡ್ ಫೈಲಿನ ಕಳ್ಳ ಸಾಲುಗಳು ಎಲ್ಲರಿಗೂ ಕಾಣುವ ಗಿಟ್ ಕೋಡ್ ಭಂಡಾರದಲ್ಲಿ ಇರಲೇ ಇಲ್ಲ. ಉಳಿದದ್ದು ಟೆಸ್ಟ್ ಫೈಲುಗಳೊಳಗೆ ಅಡಗಿತ್ತು.

ಹಾಗಾಗಿ ಟಾರ್‌ಬಾಲನ್ನು ಇಬ್ಬರು ಬೇರೆ ಬೇರೆ ಯಂತ್ರದಲ್ಲಿ ಕಟ್ಟಿ ಎಸ್‌ಎಚ್‌ಎ256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಹೋಲಿಸುತ್ತಿದ್ದೇವೆ. ಫೈಲುಗಳ ಕ್ರಮ, ಸಮಯ, ಮಾಲೀಕರ ಹೆಸರು ಎಲ್ಲ ಒಂದೇ ಮಾಡಿದರೂ ಹ್ಯಾಶ್ ಕೂಡುತ್ತಿಲ್ಲ, ಏಕೆಂದರೆ ಆಟೋಕಾನ್ಫ್ ಎಂಬ ಸಾಧನದ ಆವೃತ್ತಿ ಬದಲಾದರೆ ಅದು ತಯಾರಿಸುವ, ಬಿಲ್ಡ್‌ಗೆ ಸಿದ್ಧಮಾಡುವ ಕಾನ್ಫಿಗರ್ ಸ್ಕ್ರಿಪ್ಟೂ ಬದಲಾಗುತ್ತದೆ. ಕಂಟೇನರ್‌ನಲ್ಲಿ (ಎಲ್ಲೆಡೆ ಒಂದೇ ರೀತಿ ಇರುವ ಪ್ರತ್ಯೇಕ ಪರಿಸರ) ಆಟೋಕಾನ್ಫ್ ಆವೃತ್ತಿ ಕಟ್ಟಿಹಾಕುವುದೋ, ಆ ಸ್ಕ್ರಿಪ್ಟ್ ಬಿಟ್ಟು ಗಿಟ್‌ನಲ್ಲಿರುವ ಫೈಲುಗಳನ್ನಷ್ಟೇ ಕಟ್ಟಿದ ಗಿಟ್ ಆರ್ಕೈವ್ ಹಂಚುವುದೋ? ಎರಡನೆಯದಾದರೆ ಲಿನಕ್ಸ್ ಡಿಸ್ಟ್ರೋಗಳಿಗೆ (ಲಿನಕ್ಸ್ ವಿತರಣೆಗಳು) ಪ್ಯಾಕೇಜ್ ಮಾಡುವವರಿಗೆ ತೊಂದರೆಯೇ?

ಇನ್ನೊಂದು: ರಿಲೀಸ್‌ಗೆ ಡಿಜಿಟಲ್ ಸಹಿ ಹಾಕುವ ಕೀ ಬದಲಿಸುವಾಗ ಹಳೆಯ ಕೀಯಿಂದ ಹೊಸದಕ್ಕೆ ಸಹಿ ಹಾಕಿಸಬಹುದು. ಹಳೆಯದೇ ಕಳೆದುಹೋದರೆ, ಮುಖ ನೋಡದ ವ್ಯಕ್ತಿ ಅವರೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ? ಮೊದಲೇ ಎರಡು ಕೀ ನೋಂದಾಯಿಸಿಡುವ ಪದ್ಧತಿ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ದಯವಿಟ್ಟು ವಿವರವಾಗಿ ತಿಳಿಸಿ.